ಗಾಳಿ ಕೊಡುವ ದಿನ

ನಾನು ಬರೆದ ಮೊದಲ ಇತಿಹಾಸ ಶುದ್ಧ ಸುಳ್ಳಾಗಿತ್ತು. ಅದಕ್ಕೆ ಬಹುಮಾನವೂ ಬಂತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತಳಾದವಳು ಇಂಥದ್ದನ್ನೆಲ್ಲ ಬರೆದುಕೊಳ್ಳಬಾರದು ಎಂದು ಬೆಟಗೇರಿಯ ನನ್ನ ನೆರೆಮನೆಯ ಗೆಳತಿ ಬುದ್ಧಿ ಹೇಳಿದ್ದಾಳೆ. ಹೇಳಲಿ. ಆರನೆಯ ಇಯತ್ತೆಯಲ್ಲಿ ನಾನು ಆ ಸುಳ್ಳು ಬರೆಯದೆ ಇದ್ದಿದ್ದರೆ ನಮ್ಮ ಮನೆಯ ನಿಜ ಸಂಗತಿ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದನ್ನು ಆ ಮನೆಗೆ ಸೊಸೆಯಾಗಿ ಬಂದವರಿಗೆ ಮಾತ್ರ ಹೇಳುತ್ತಿದ್ದರು. ಗಂಡಸರಿಗೆ ಹೇಳುತ್ತಿರಲಿಲ್ಲ, ನಾಳೆ ಮದುವೆಯಾಗಿ ಬೇರೆ ಮನೆಗೆ ಹೋಗುವ ನನ್ನಂಥವಳಿಗಂತೂ ಹೇಳುವ ಮಾತೇ ಇರಲಿಲ್ಲ.

ಮುಂಡರಗಿಯ ನಮ್ಮ ಮನೆ ಓಣಿಯ ಕಡೆಯದು. ಮಣ್ಣಿನ ಮಾಳಿಗೆ, ಮುಂದೆ ಒಂದು ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಕೆನಿಸುವ ಅಡಿಗೆಮನೆ, ಅಡಿಗೆಮನೆಯ ಹಿಂಬಾಗಿಲು ದಾಟಿದರೆ ಅಂಗಳ. ನಾವು ಪಿಂಜಾರರು, ಹತ್ತಿ ಹದ ಮಾಡಿ ಗಾದಿ ತುಂಬುವವರು. ಪಡಸಾಲೆಯ ತೊಲೆಗೆ ಅಪ್ಪನ ಹತ್ತಿ ಹಿಂಜುವ ದೊಡ್ಡ ಬಿಲ್ಲು ತೂಗುಬಿದ್ದಿರುತ್ತಿತ್ತು. ಅದರ ನರಕ್ಕೆ ಅವನು ಮರದ ಕೊಡತಿಯಿಂದ ಹೊಡೆದಾಗ ಏಳುವ ಝೇಂಕಾರಕ್ಕೆ ನಾವೆಲ್ಲ ನಿದ್ದೆಯಿಂದ ಏಳುತ್ತಿದ್ದೆವು. ಹತ್ತಿಯ ಎಳೆ ಎಲ್ಲಿ ಇರುತ್ತಿರಲಿಲ್ಲ ಎಂದು ಕೇಳಬೇಕು. ಹುಬ್ಬಿನಲ್ಲಿ, ಪಾಟಿಯ ಮೇಲೆ, ಕುಡಿಯುವ ನೀರಿನಲ್ಲಿ, ಪುಂಡಿಪಲ್ಯದಲ್ಲಿ ಎಲ್ಲ ಕಡೆ. ಶಾಲೆಯಲ್ಲಿ ನನ್ನ ಕೂದಲು ನೋಡಿ ಹುಡುಗಿಯರು ಮುದುಕಿ ಎಂದು ಕರೆಯುತ್ತಿದ್ದರು. ನೀವು ನೆಲದ ಮೇಲೆ ಮಲಗುತ್ತೀರಿ, ನಾವು ಗಾದಿಯ ಮೇಲೆ ಮಲಗುತ್ತೇವೆ ಎಂದು ನಾನು ತಿರುಗಿ ಅನ್ನುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ. ಗಾದಿ ಮಾಡುವವರ ಮನೆಯಲ್ಲಿ ನಮಗೆಂದು ಇದ್ದದ್ದು ಒಂದೇ ಗಾದಿ, ಅದು ಆಯಿಯದು.

ಆಯಿ ಎಂದರೆ ಅಪ್ಪನ ತಾಯಿ, ಇಮಾಂಬಿ. ಕುಳ್ಳಗಿನ, ಗಟ್ಟಿ ಹೆಂಗಸು. ಅಕ್ಷರ ಬಾರದು, ಆದರೆ ಮನೆಯಲ್ಲಿ ಅವಳದೇ ಮಾತು ಕಡೆಯದು. ಅವ್ವ ಶಿರಹಟ್ಟಿಯವಳು, ಮಾತು ಕಡಿಮೆ. ಅತ್ತೆ ಸೊಸೆ ಇಬ್ಬರೂ ಜಗಳವಾಡಿದ್ದನ್ನು ನಾನು ನೋಡಿಲ್ಲ. ಇಡೀ ಓಣಿಗೆ ಇದೊಂದು ಸೋಜಿಗವಾಗಿತ್ತು. ಅಪ್ಪನಿಗೂ ಆಯಿಗೂ ಮಾತ್ರ ದಿನ ಬೆಳಗಾದರೆ ತಕರಾರು. ಅಪ್ಪ ಮದುವೆಯ ಹಂಗಾಮು ಬಂತೆಂದರೆ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ಎಂದು ತಿರುಗಲು ಹೋಗುತ್ತಿದ್ದ. ದೊಡ್ಡ ದೊಡ್ಡ ಮನೆಗಳವರು ಮದುಮಕ್ಕಳ ಗಾದಿಗೆ ಅವನೇ ಬೇಕೆಂದು ಹೇಳಿ ಕಳಿಸುತ್ತಿದ್ದರು. ಆದರೆ ಕೆಲಸ ನಡೆಯುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ. ಊಟವೂ ಅಲ್ಲೇ, ನೀರೂ ಅಲ್ಲೇ. ತಾನು ಹೊಲಿದ ಗಾದಿಯನ್ನು ಆ ಮನೆಯ ಯಾವ ಕೋಣೆಯಲ್ಲಿ ಹಾಸುತ್ತಾರೆ ಎಂಬುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಅವನು ನಗುತ್ತಲೇ ಹೇಳುತ್ತಿದ್ದ, ಮತ್ತೆ ಮತ್ತೆ ಹೇಳುತ್ತಿದ್ದ. ಆಗ ನನಗೆ ಅದು ಬರೀ ತಮಾಷೆಯ ಮಾತಾಗಿ ಕೇಳುತ್ತಿತ್ತು.

ನಮಗೆ ತುಂಡು ಹೊಲವೂ ಇತ್ತು, ಎರೆಹೊಲ. ವರ್ಷದ ಜೋಳ ಮನೆಯ ಮುಂದಿನ ಹಗೇವಿನಲ್ಲಿ ಇರುತ್ತಿತ್ತು. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ಕೊಡದ ಆಕಾರದಲ್ಲಿ ಅಗೆದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಅಂಚಿಗೆ ಸಗಣಿ ಮಣ್ಣು ಮೆತ್ತಿಬಿಟ್ಟರೆ ಹುಳವೂ ಇಲ್ಲ, ಇಲಿಯೂ ಇಲ್ಲ. ಆದರೆ ತೆಗೆಯುವಾಗ ಬಹಳ ಎಚ್ಚರ ಬೇಕು. ಒಳಗೆ ಬಿಸಿಯಾದ ಕೆಟ್ಟ ಗಾಳಿ ನಿಂತಿರುತ್ತದೆ, ಅದಕ್ಕೆ ನಮ್ಮ ಕಡೆ ಜಳ ಎನ್ನುತ್ತಾರೆ. ಅಪ್ಪ ಚಪ್ಪಡಿ ಸರಿಸಿ, ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಕಂದೀಲು ಚೆನ್ನಾಗಿ ಉರಿಯುತ್ತಾ ಇಳಿಯಿತು, ಆಳಕ್ಕೆ ಹೋದದ್ದೇ ತಡ ಗಾಳಿ ಬೀಸದೆ, ಯಾರೂ ಊದದೆ ಆರಿಹೋಯಿತು. ಇಳಿದಿದ್ದರೆ ನಾನೂ ಹೀಗೇ ಎಂದು ಅಪ್ಪ ನನ್ನ ಕೆನ್ನೆ ಹಿಂಡಿದ. ಆ ದಿನ ನಾನು ಊಟ ಮಾಡಲಿಲ್ಲ.

ಇನ್ನೊಂದು ಹಗೇವು ಹಿಂದಿನ ಅಂಗಳದಲ್ಲಿತ್ತು. ಅದಕ್ಕೆ ಜೋಳ ಹಾಕುತ್ತಿರಲಿಲ್ಲ. ಕಾರ ಹುಣ್ಣಿಮೆಯ ಮರುದಿನ ಮಾತ್ರ ಅದರ ಚಪ್ಪಡಿ ಸರಿಯುತ್ತಿತ್ತು. ಹಿಂದಿನ ದಿನ ಊರಲ್ಲೆಲ್ಲ ಎತ್ತುಗಳಿಗೆ ಬಣ್ಣ ಬಳಿದು ಓಡಿಸಿ ಗದ್ದಲ, ಮರುದಿನ ನಮ್ಮ ಮನೆಯಲ್ಲಿ ಮಾತ್ರ ಬೇರೆಯದೇ ಒಂದು ದಿನ. ಅದನ್ನು ಗಾಳಿ ಕೊಡುವ ದಿನ ಎನ್ನುತ್ತಿದ್ದರು. ಗಂಡಸರು ಬೆಳಿಗ್ಗೆಯೇ ಹೊರಗೆ ಹೋಗಬೇಕು. ಆಯಿ, ಅವ್ವ, ಪಕ್ಕದ ಮನೆಯ ಗಂಗವ್ವ ಮೂವರೂ ಹಾರೆ ಹಾಕಿ ಚಪ್ಪಡಿಯನ್ನು ಮೊಳದಷ್ಟು ಸರಿಸುತ್ತಿದ್ದರು. ಆಯಿ ತನಗೆ ಬರುವ ಅರ್ಧ ಫಾತೆಹಾ ಓದುತ್ತಿದ್ದಳು, ಉಳಿದರ್ಧಕ್ಕೆ ತುಟಿ ಅಲ್ಲಾಡಿಸುತ್ತಿದ್ದಳು. ಗಂಗವ್ವ ವಿಭೂತಿ ಹಚ್ಚಿಕೊಂಡು ಬಂದು ತೆಂಗಿನಕಾಯಿ ಒಡೆಯುತ್ತಿದ್ದಳು. ಎರಡು ತಾಟಿನಲ್ಲಿ ಗೋದಿ ಬೆಲ್ಲದ ಮಾದಲಿ ಇಡುತ್ತಿದ್ದರು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗುವವರೆಗೆ ಹಗೇವಿನ ಬಾಯಿ ತೆರೆದಿರಬೇಕು, ಆಮೇಲೆ ಮುಚ್ಚಬೇಕು. ಆ ದಿನ ಮನೆಯಲ್ಲಿ ಎಲ್ಲಿಯೂ ಸಾರಿಸುವಂತಿಲ್ಲ, ಅಂಚಿಗೆ ಸಗಣಿ ಮೆತ್ತುವಂತಿಲ್ಲ. ಮುಖ್ಯವಾಗಿ ರೊಟ್ಟಿ ಬಡಿಯುವಂತಿಲ್ಲ. ರೊಟ್ಟಿಯಿಲ್ಲದ ದಿನವೆಂದರೆ ನಮ್ಮ ಕಡೆ ಉಪವಾಸವೇ ಸೈ. ನಾನು ಮಾದಲಿ ತಿಂದು ತಿಂದು ಹೊಟ್ಟೆನೋವು ತಂದುಕೊಳ್ಳುತ್ತಿದ್ದೆ. ಒಂದು ವರ್ಷ ಯಾರೂ ಇಲ್ಲದಾಗ ಇಣುಕಿ ನೋಡಿದೆ. ಒಳಗೆ ಆಳವೇ ಇರಲಿಲ್ಲ, ಕೈಗೆ ಸಿಗುವಷ್ಟು ಹತ್ತಿರಕ್ಕೆ ಮಣ್ಣು ತುಂಬಿತ್ತು.

ಇದರ ಕಥೆಯನ್ನು ಆಯಿ ನಮಗೆ ಹೇಳುತ್ತಿದ್ದಳು, ಒಂದು ಹದದವರೆಗೆ. ಆಯಿಯ ಅತ್ತೆಯ ಅತ್ತೆ ಹುಸೇನವ್ವ ಈ ಮನೆಗೆ ಹೊಸ ಸೊಸೆಯಾಗಿದ್ದ ಕಾಲ. ಊರವರೆಲ್ಲ ಆಯುಧ ತಂದು ಒಪ್ಪಿಸಬೇಕೆಂದು ಕುಂಪಣಿ ಸರಕಾರದ ಹುಕುಂ ಬಂದಿತ್ತು, ಈ ಸೀಮೆಯ ಜನ ಬಂಡೆದ್ದಿದ್ದರು. ಬಂಡಾಯ ಮುರಿದುಬಿದ್ದ ಮೇಲೆ ಕಂಡ ಕಂಡಲ್ಲಿ ಹುಡುಕಾಟ. ಕಾರ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಇಬ್ಬರು ಓಡಿಬಂದು ಹಿಂಬಾಗಿಲಲ್ಲಿ ನಿಂತರು. ಯಾವ ಊರು, ಯಾವ ಜಾತಿ, ಏನು ಹೆಸರು, ಕೇಳಲು ಪುರುಸೊತ್ತಿರಲಿಲ್ಲ. ಹುಸೇನವ್ವ ಅವರನ್ನು ಅಂಗಳದ ಹಗೇವಿಗೆ ಇಳಿಸಿದಳು, ಚಪ್ಪಡಿ ಮುಚ್ಚಿದಳು, ಅದರ ಮೇಲೆ ಕೂತು ರೊಟ್ಟಿ ಬಡಿಯತೊಡಗಿದಳು. ಸಿಪಾಯಿಗಳು ಬಂದರು, ಮನೆಯೆಲ್ಲ ಜಾಲಾಡಿದರು, ಅವಳು ಕೊಟ್ಟ ರೊಟ್ಟಿಯನ್ನೇ ತಿಂದು ಹೋದರು. ಇಲ್ಲಿಗೆ ಆಯಿ ನಿಲ್ಲಿಸುತ್ತಿದ್ದಳು. ಮುಂದೇನಾಯಿತು ಎಂದು ಕೇಳಿದರೆ ಹೋಗಿ ನೀರು ತಾ ಎನ್ನುತ್ತಿದ್ದಳು. ಅಪ್ಪನಿಗೆ ಗೊತ್ತಿದ್ದದ್ದೂ ಇಷ್ಟೇ. ಹೆಸರು ಗೊತ್ತಿಲ್ಲದ್ದರಿಂದ ಇತ್ತ ಫಾತೆಹಾ, ಅತ್ತ ತೆಂಗಿನಕಾಯಿ. ಯಾರಾದರೊಬ್ಬರದು ಸರಿಯಾಗಿ ಮುಟ್ಟುತ್ತದೆ ಎಂಬುದು ಗಂಗವ್ವನ ಲೆಕ್ಕಾಚಾರ.

ಆರನೆಯ ಇಯತ್ತೆಯಲ್ಲಿ ಹಿರೇಮಠ ಮಾಸ್ತರರು ನಮ್ಮೂರಿನ ಬಂಡಾಯದ ಮೇಲೆ ಪ್ರಬಂಧ ಬರೆಸಿದರು. ಎಲ್ಲರೂ ಪುಸ್ತಕದಲ್ಲಿದ್ದದ್ದನ್ನು ಬರೆದರು. ನಾನು ಹುಸೇನವ್ವನನ್ನು ಬರೆದೆ. ರೊಟ್ಟಿಯ ತನಕ ಬರೆದಾದ ಮೇಲೆ ಪೆನ್ನು ನಿಂತಿತು, ಕಥೆ ಅಲ್ಲಿಗೇ ಮುಗಿದರೆ ಯಾರಿಗೆ ತಾನೇ ಹಿಡಿಸುತ್ತದೆ. ಸಂಜೆ ಅವಳು ಚಪ್ಪಡಿ ಸರಿಸಿದಳು, ವೀರರಿಬ್ಬರೂ ಮೇಲೆ ಬಂದು ಅವಳ ಪಾದ ಮುಟ್ಟಿ, ತಾಯಿ ನಿನ್ನ ಉಪಕಾರ ಮರೆಯೆವು ಎಂದು ಹೇಳಿ, ಕುದುರೆಯೇರಿ ಕೊಪ್ಪಳದ ದಾರಿ ಹಿಡಿದರು ಎಂದು ಬರೆದೆ. ಕುದುರೆ ಎಲ್ಲಿಂದ ಬಂತು ಎಂದು ಮಾಸ್ತರರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಹಗೇವಿನಲ್ಲಿ ತುಂಬಿದ್ದ ಮಣ್ಣು, ಆರಿಹೋದ ಕಂದೀಲು ಎರಡನ್ನೂ ನನ್ನ ಕಣ್ಣಾರೆ ನೋಡಿದ್ದೆ. ನೋಡಿದ್ದನ್ನು ಜೋಡಿಸುವ ಧೈರ್ಯ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮಾಸ್ತರರು ಅದನ್ನು ಇಡೀ ಶಾಲೆಯ ಮುಂದೆ ಓದಿಸಿದರು. ನನಗೆ ಒಂದು ಪೆನ್ನು, ಒಂದು ಸ್ಟೀಲಿನ ಲೋಟ ಕೊಟ್ಟರು. ಹುಡುಗಿಯರು ಆ ವಾರ ನನ್ನನ್ನು ಮುದುಕಿ ಎನ್ನಲಿಲ್ಲ.

ಅದೇ ಹೊತ್ತಿಗೆ ಊರಿನ ಪ್ರಮುಖರು ಸೇರಿ ಬಂಡಾಯದ ನೆನಪಿಗೊಂದು ಸಮಿತಿ ಮಾಡಿಕೊಂಡಿದ್ದರು. ಒಂದು ಸ್ಮರಣ ಸಂಚಿಕೆ ತರುವುದು, ಬಂಡಾಯಕ್ಕೆ ನೆರವಾದ ಮನೆಗಳನ್ನು ಹುಡುಕಿ ಗೋಡೆಗೆ ಕಲ್ಲು ಕೂಡಿಸುವುದು ಅವರ ಯೋಜನೆ. ಮಾಸ್ತರರು ನನ್ನ ಪ್ರಬಂಧವನ್ನು ಅವರಿಗೆ ಕೊಟ್ಟರು, ಸಂಚಿಕೆಯಲ್ಲಿ ಅದು ಅಚ್ಚಾಯಿತು. ಒಂದು ದಿನ ಸಮಿತಿಯ ಅಧ್ಯಕ್ಷರೇ ನಮ್ಮ ಓಣಿಗೆ ನಡೆದುಬಂದರು. ಅಪ್ಪ ಎಷ್ಟೋ ಸಲ ಅವರ ಮನೆಯ ಕಟ್ಟೆಯ ಮೇಲೆ ಕೂತು ಗಾದಿ ತುಂಬಿದ್ದ. ಅವರು ಈಗ ನಮ್ಮ ಪಡಸಾಲೆಯೊಳಗೆ ಬಂದು, ಚಾಪೆಯ ಮೇಲೆ ಕೂತು, ನಮ್ಮ ಲೋಟದಲ್ಲಿ, ಅದೇ ಬಹುಮಾನದ ಲೋಟದಲ್ಲಿ, ಚಹಾ ಕುಡಿದರು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಆ ಲೋಟವನ್ನು ತೊಳೆಯಲು ಕೊಡದೆ ಕೈಯಲ್ಲೇ ಹಿಡಿದು ಕೂತಿದ್ದ. ಆಯಿ ಆ ತಿಂಗಳೆಲ್ಲ ಶಿರಹಟ್ಟಿಯಲ್ಲಿ ಬೀಗರ ಮನೆಯಲ್ಲಿದ್ದಳು, ಅವಳಿಗೆ ಇದಾವುದೂ ಗೊತ್ತಿರಲಿಲ್ಲ.

ಅವಳು ತಿರುಗಿ ಬಂದ ದಿನ ಕಲ್ಲೂ ಬಂತು. ನುಣ್ಣಗೆ ಮಾಡಿದ ಕರಿಕಲ್ಲು, ಅಕ್ಷರಗಳಿಗೆ ಹಳದಿ ಬಣ್ಣ. ಮರುದಿನ ಎಲ್ಲರೂ ಸೇರಿ ಆಯಿಗೆ ಶಾಲು ಹೊದಿಸಿ ಕಲ್ಲನ್ನು ಮುಂದಿನ ಗೋಡೆಗೆ ಕೂಡಿಸುವುದೆಂದು ಗೊತ್ತಾಗಿತ್ತು. ಆಯಿ ಕಾಲು ತೊಳೆದು ಒಳಗೆ ಬಂದವಳು ಗೋಡೆಗೊರಗಿಸಿದ್ದ ಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು, ನನ್ನನ್ನು ಕರೆದಳು.

"ದಾವಲಿ, ಇದರಾಗ ಏನ ಬರದಾರ, ಓದು."

ನಾನು ಶಾಲೆಯಲ್ಲಿ ಓದಿದ ಹಾಗೆಯೇ ರಾಗವಾಗಿ ಓದಿದೆ. ಇದೇ ಮನೆಯಲ್ಲಿ ಬಂಡಾಯದ ವೀರರಿಬ್ಬರು ಆಶ್ರಯ ಪಡೆದು ಶತ್ರುಗಳ ಕೈಗೆ ಸಿಗದೆ ಪಾರಾದರು.

"ಪಾರಾದ್ರು ಅಂತ ಯಾರು ಹೇಳಿದ್ರು ಇವರಿಗೆ?"

"ನಾನ ಬರದಿದ್ದೆ, ಆಯಿ. ಪ್ರಬಂಧದಾಗ."

"ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

ಅವಳು ಬೈಯುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಅಡಿಗೆಮನೆಗೆ ಹೋದಳು. ಅವ್ವ ಒಲೆಯ ಮುಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಏನೋ ದೊಡ್ಡದನ್ನು ಮುರಿದಿದ್ದೇನೆ ಎಂಬುದು ಆಗ ನನಗೆ ತಿಳಿಯಿತು. ಏನನ್ನು ಎಂಬುದು ಮಾತ್ರ ತಿಳಿಯಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಆಯಿ ಆ ಕಲ್ಲು ಬೇಡ ಎಂದಳು. ಅಪ್ಪ ಮೊದಲು ನಕ್ಕ. ಅವಳು ಮತ್ತೆ ಬೇಡವೆಂದಳು. ಅಪ್ಪನ ಕೈಯ ತುತ್ತು ತಾಟಿಗೆ ಇಳಿಯಿತು. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಇಷ್ಟ ವರ್ಷ ಮಂದಿ ಕಟ್ಟಿ ಮ್ಯಾಲ ಕುಂತ ಗಾದಿ ಹೊಲದೇನಿ. ಒಬ್ಬರರ ಒಳಗ ಬಾ ಅಂದಿಲ್ಲ. ಈಗ ಅವರ ನಮ್ಮ ಮನಿಗೆ ಬರಾಕತ್ತಾರ. ಯಾಕ ಬ್ಯಾಡ, ಒಂದ ಕಾರಣ ಹೇಳು."

"ಗಂಡಸರಿಗೆ ಹೇಳೂದಲ್ಲ ಅದು. ಹೇಳೂ ಹಂಗಿದ್ರ ನಿಮ್ಮಪ್ಪಗ ಹೇಳತಿದ್ದೆ."

"ಹಂಗಾದ್ರ ಕಲ್ಲು ಕುಂಡ್ರತೈತಿ" ಎಂದು ಹೇಳಿ ಅಪ್ಪ ತಾಟು ಬಿಟ್ಟು ಎದ್ದ. ಅವ್ವ ಅವನ ಹಿಂದೆ ನೀರಿನ ತಂಬಿಗೆ ಹಿಡಿದು ಹೋದಳು. ಆಯಿ ಮಾತ್ರ ತನ್ನ ಪಾಲಿನ ರೊಟ್ಟಿಯನ್ನು ಪೂರ್ತಿ ತಿಂದಳು, ನನಗೆ ಇನ್ನೊಂದು ಹಾಕಿದಳು.

ಮರುದಿನ ಬೆಳಿಗ್ಗೆ ಸಮಿತಿಯವರು, ಹಿರೇಮಠ ಮಾಸ್ತರರು, ಓಣಿಯ ಮಂದಿ ಎಲ್ಲ ಸೇರಿ ನಮ್ಮ ಮನೆ ತುಂಬಿಹೋಯಿತು. ಅಪ್ಪ ಬಿಳಿ ಅಂಗಿ ಹಾಕಿಕೊಂಡಿದ್ದ, ಅದರ ಹೆಗಲ ಮೇಲೊಂದು ಹತ್ತಿಯ ಎಳೆ ಕೂತಿತ್ತು. ಹಗೇವು ನೋಡಬೇಕೆಂದು ಎಲ್ಲರೂ ಹಿಂದಿನ ಅಂಗಳಕ್ಕೆ ಬಂದರು. ಅಧ್ಯಕ್ಷರು ಶಾಲು ಬಿಚ್ಚಿದರು. ಆಯಿ ಅವರ ಕೈಯನ್ನು ಮೆಲ್ಲಗೆ ತಡೆದು, ಚಪ್ಪಡಿಯ ಮೇಲೆ ಹೋಗಿ ಕೂತಳು, ರೊಟ್ಟಿ ಬಡಿಯುವವರು ಕೂರುವ ಹಾಗೆ ಒಂದು ಕಾಲು ಮಡಿಚಿ.

"ಶಾಲು ಆಮ್ಯಾಲ ಹೊಚ್ಚೀರಂತ. ಮೊದಲ ನಾ ಹೇಳೂದ ಕೇಳ್ರಿ."

ಎಲ್ಲರಿಗೂ ಗೊತ್ತಿದ್ದ ಕಥೆಯನ್ನೇ ಅವಳು ಶುರುಮಾಡಿದಳು. ಜೋಳ ತೆಗೆಯಲೆಂದು ಆ ದಿನ ನಸುಕಿನಲ್ಲೇ ಹಗೇವಿನ ಬಾಯಿ ತೆರೆದಿದ್ದರಂತೆ, ಒಂದಷ್ಟು ಜಳ ಹೋಗಿತ್ತಂತೆ. ರೊಟ್ಟಿ ಬೇಯುವಷ್ಟು ಹೊತ್ತು ಮುಚ್ಚಿದರೆ ಏನೂ ಆಗದು ಎಂದು ಹುಸೇನವ್ವ ಎಣಿಸಿದಳು. ಆದರೆ ಅವಳು ಅಚ್ಚುಕಟ್ಟಿನ ಹೆಂಗಸು. ಆಗತಾನೆ ಸರಿಸಿದ ಚಪ್ಪಡಿ ಎಂದು ಸಿಪಾಯಿಗಳಿಗೆ ಗೊತ್ತಾಗಬಾರದೆಂದು ಅಂಚಿಗೆ ಸುತ್ತಲೂ ಸಗಣಿ ಮಣ್ಣು ಮೆತ್ತಿ ನುಣ್ಣಗೆ ಸವರಿಬಿಟ್ಟಳು. ಸಿಪಾಯಿಗಳು ಬಂದರು, ಹುಡುಕಿದರು, ಹೋಗಲಿಲ್ಲ. ಬಿಸಿಲು ಏರಿತ್ತು, ಅಂಗಳದಲ್ಲಿ ನೆರಳಿತ್ತು, ರೊಟ್ಟಿ ಬಿಸಿಯಾಗಿತ್ತು. ಮಧ್ಯಾಹ್ನದ ಬಾಂಗ್ ಆಗುವವರೆಗೆ ಅವರು ಅಲ್ಲೇ ಕೂತು ತಿಂದರು, ಅವಳು ಬಡಿದು ಬಡಿದು ಹಾಕಿದಳು. ಏಳುವಂತಿಲ್ಲ, ಎದ್ದರೆ ಮನೆಮಂದಿಗೆಲ್ಲ ಗಲ್ಲು. ಇಷ್ಟು ಹೇಳಿ ಆಯಿ ಅಂಗೈಯನ್ನು ಚಪ್ಪಡಿಯ ಮೇಲೆ ಊರಿದಳು.

"ಕೆಳಗಿಂದ ಅವರು ಚಪ್ಪಡಿ ಬಡದ್ರು. ಆಕಿಗೆ ಅದು ಕಿವಿಗಿಂತ ಮೈಗೆ ತಿಳೀತು. ಸಿಪಾಯಿಗಳಿಗೆ ಕೇಳಬಾರದಂತ ಮ್ಯಾಲ ಆಕಿ ರೊಟ್ಟಿ ಜೋರ ಬಡದಳು. ಅವರು ಬಡದಾಂಗ ಆಕಿನೂ ಬಡದಳು. ಕಡೀಕ ಆಕಿ ಸಪ್ಪಳ ಒಂದ ಉಳೀತು."

ನಾನು ಅಪ್ಪನ ಮುಖ ನೋಡಿದೆ. ಆ ಮನೆಯಲ್ಲಿ ಹುಟ್ಟಿ, ಆ ಚಪ್ಪಡಿಯ ಮೇಲೆ ಆಡಿ ಬೆಳೆದವನು ಇದನ್ನು ಮೊದಲ ಸಲ ಊರವರ ಜೊತೆ ನಿಂತು ಕೇಳುತ್ತಿದ್ದ. ಅವನು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತ. ಅಧ್ಯಕ್ಷರು ಶಾಲನ್ನು ಮಡಿಚತೊಡಗಿದರು. ಹಿರೇಮಠ ಮಾಸ್ತರರು ಒಳ್ಳೆಯ ಮನುಷ್ಯರು, ಎಲ್ಲರ ಮರ್ಯಾದೆ ಉಳಿಯಲೆಂದು ಒಂದು ದಾರಿ ಹುಡುಕಿದರು. ಪಾರಾದರು ಎಂಬ ಮಾತನ್ನು ಕೆತ್ತಿ ತೆಗೆಸೋಣ, ಆಶ್ರಯ ಪಡೆದರು ಎಂದಷ್ಟೇ ಉಳಿಸೋಣ, ಅದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದರು. ಅಪ್ಪ ತಲೆಯೆತ್ತಿದ. ಅವನ ಕಣ್ಣಲ್ಲಿ ಒಂದಿಷ್ಟು ಆಸೆ ತಿರುಗಿ ಬಂದದ್ದನ್ನು ನಾನು ನೋಡಿದೆ. ಆಯಿಯೂ ನೋಡಿದಳು. ನೋಡಿಯೇ ಹೇಳಿದಳು.

"ಸತ್ತಾರ ಅಂತ ಬರೀರಿ, ಮಾಸ್ತರ. ಈ ಮನ್ಯಾಗ, ನಮ್ಮ ಕೈಲೆ ಸತ್ತಾರ, ಈ ಹಗೇವಿನಾಗ ಮಣ್ಣಾಗ್ಯಾರ ಅಂತ ಬರದು ಕಲ್ಲು ಹಚ್ಚರಿ, ನಾ ಬ್ಯಾಡನ್ನೂದಿಲ್ಲ. ಅವರು ಹೊರಗ ಹೋದ್ರು ಅಂತ ಊರೆಲ್ಲಾ ನಂಬಿದ್ರ ನಾಳೆ ಅವರಿಗೆ ಗಾಳಿ ಯಾರು ಕೊಡತಾರ?"

ಒಬ್ಬೊಬ್ಬರೇ ಹೊರಟರು. ಹಾಗೆ ಬರೆದ ಕಲ್ಲನ್ನು ಯಾವ ಸಮಿತಿ ತಾನೇ ಕೂಡಿಸುತ್ತದೆ. ತಂದ ಕಲ್ಲನ್ನು ತಿರುಗಿ ಒಯ್ಯಲು ಯಾರೂ ಬರಲಿಲ್ಲ. ಕೆಲವು ದಿನ ನೋಡಿ, ಅವ್ವ ಅದನ್ನು ಉರುಳಿಸಿಕೊಂಡು ಹೋಗಿ ಬಚ್ಚಲ ಮುಂದೆ ಹಾಕಿ ಬಟ್ಟೆ ಒಗೆಯಲು ಇಟ್ಟುಕೊಂಡಳು. ಅಕ್ಷರದ ಕಡೆ ಮೇಲಿದ್ದರೆ ಕೊಳೆ ಬೇಗ ಬಿಡುತ್ತದೆ ಎಂದು ಆಯಿ ಸಲಹೆ ಕೊಟ್ಟಳು. ಕಲ್ಲು ಒಳ್ಳೆಯದು, ಅಕ್ಷರ ಇನ್ನೂ ಸವೆದಿಲ್ಲ.

ಅಪ್ಪ ಆ ದಿನವೇ ಬಿಲ್ಲು ಹೆಗಲಿಗೇರಿಸಿ ಲಕ್ಷ್ಮೇಶ್ವರಕ್ಕೆ ಹೋದ. ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಆಶ್ರಯ ಬೇಡಿ ಬಂದವರನ್ನು ಪಿಂಜಾರರು ಉಸಿರುಗಟ್ಟಿಸಿ ಕೊಂದರಂತೆ ಎಂದು ಅಲ್ಲಿ ಯಾರೋ ಅವನೆದುರೇ ಅಂದರಂತೆ. ತಿಂಗಳಾದ ಮೇಲೆ ತಿರುಗಿ ಬಂದವನು ಆಯಿಯ ಜೊತೆ ಮಾತು ಬಿಟ್ಟ. ತಕರಾರನ್ನೂ ಬಿಟ್ಟ, ಅದೇ ನಮಗೆ ಹೆಚ್ಚು ನೋವಾದದ್ದು. ಎಲ್ಲಕ್ಕೂ ಮೂಲ ನಾನು. ಒಂದು ದಿನ ಆಯಿಯ ಕಾಲ ಬಳಿ ಕೂತು, ನನ್ನಿಂದ ಹೀಗೆಲ್ಲ ಆಯಿತು ಎಂದು ಅತ್ತೆ. ಅವಳು ನನ್ನ ತಲೆಯಿಂದ ಹತ್ತಿ ಹೆಕ್ಕುತ್ತಾ ಕೂತಿದ್ದಳು.

"ನೀ ಸುಳ್ಳ ಬರದಿ ಅಂತ ನಾ ಖರೆ ಹೇಳಬೇಕಾತು. ನಾ ಹೇಳಲಾರದ ಬಿಟ್ಟಿದ್ದನ್ನ ನೀ ತುಂಬಿದಿ, ನಿಂದೊಂದ ತಪ್ಪಲ್ಲ. ಇನ್ನ ಮ್ಯಾಲ ಗಾಳಿ ಕೊಡೂ ದಿನ ನೀನೂ ಬಂದು ಹಾರಿ ಹಿಡಿ."

ನನ್ನ ಜೀವನದಲ್ಲಿ ನನಗೆ ಸಿಕ್ಕ ನಿಜವಾದ ಬಹುಮಾನ ಅದು. ಮುಂದಿನ ವರ್ಷ ಗಾಳಿ ಕೊಡುವ ದಿನ ನಾಲ್ಕು ಹೆಂಗಸರು ಹಾರೆ ಹಿಡಿದೆವು. ಗಂಗವ್ವ ಎಂದಿನಂತೆ ತೆಂಗಿನಕಾಯಿ ತಂದಳು. ನಿನಗೂ ಈ ಸಂಗತಿ ಗೊತ್ತಿತ್ತೇನು ಎಂದು ಅವಳನ್ನು ಕೇಳಿದೆ. ಯಾರೂ ಹೇಳಿರಲಿಲ್ಲವಂತೆ. ಬದುಕಿ ಹೋದವರಿಗೆ ಯಾರವ್ವ ವರ್ಷ ವರ್ಷ ಕಾಯಿ ಒಡೀತಾರ ಎಂದು ಮೆಲ್ಲಗೆ ನಕ್ಕಳು. ಅಷ್ಟು ಸರಳವಾದ ಲೆಕ್ಕ ಪ್ರಬಂಧ ಬರೆದ ಜಾಣೆಗೆ ಹೊಳೆದಿರಲಿಲ್ಲ.

ಮುಂದೆ ನಾನು ಕಲಿಸಿದ ಇತಿಹಾಸವೆಲ್ಲ ಆ ಅಂಗಳದಲ್ಲಿ ಕಲಿತದ್ದೇ. ಮನೆಯಲ್ಲಿ ಹಿರಿಯರು ಹೇಳುವ ಕಥೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈಯೆತ್ತಿ ಕೇಳಿ, ನೀರು ತರಲು ಕಳಿಸಿದರೆ ತಂದು ಕೊಟ್ಟು ಮತ್ತೆ ಕೇಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಈಗ ಬಂಡಾಯದ ನೆನಪಿಗೆ ಬ್ಯಾನರು, ಮೆರವಣಿಗೆ ಎಲ್ಲ ಇವೆ. ಹೆಸರಿದ್ದವರ ಹೆಸರು ಮೈಕಿನಲ್ಲಿ ಕೇಳುತ್ತದೆ, ಕೇಳಬೇಕಾದದ್ದೇ. ಹೆಸರಿಲ್ಲದ ನಮ್ಮ ಇಬ್ಬರೂ ಒಂದು ಬಗೆಯಲ್ಲಿ ಪ್ರಸಿದ್ಧರು. ಆ ಹಳೆಯ ಸಂಚಿಕೆಯಿಂದ ಯಾರೋ ಎತ್ತಿಕೊಂಡು, ಅವರಿಂದ ಇನ್ಯಾರೋ ಎತ್ತಿಕೊಂಡು, ನನ್ನ ಆರನೆಯ ಇಯತ್ತೆಯ ಸುಳ್ಳು ಇನ್ನೂ ಊರೂರು ತಿರುಗುತ್ತಿದೆ. ಈಚೆಗೆ ಒಬ್ಬ ತರುಣ ಮೊಬೈಲ್ ಹಿಡಿದು ಬೆಟಗೇರಿಯ ನನ್ನ ಮನೆಗೆ ಬಂದಿದ್ದ. ಆ ವೀರರು ಕುದುರೆಯೇರಿ ಹೋದ ದಾರಿ ಯಾವುದು ಎಂದು ಕೇಳಿದ. ಕೂರಿಸಿ, ಚಹಾ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಇದನ್ನು ಹಾಕಿದರೆ ಜನ ನೋಡುವುದಿಲ್ಲ ಮೇಡಂ ಎಂದ. ನೋಡದಿದ್ದರೆ ಬಿಡಲಿ, ಆ ಸುಳ್ಳು ಬರೆದವಳು ನಾನೇ, ಅದನ್ನಾದರೂ ಹಾಕು ಎಂದು ಕಳಿಸಿದೆ.

ಆಯಿ ತೀರಿಕೊಂಡಾಗ ನಾನು ಗದಗಿನಲ್ಲಿ ಮಾಸ್ತರಿಕೆಯ ತರಬೇತಿಯಲ್ಲಿದ್ದೆ. ಕೊನೆಯವರೆಗೂ ಅಪ್ಪ ಅವಳಿಗೆ ಔಷಧ ತಂದುಕೊಟ್ಟ, ಎತ್ತಿ ಕೂರಿಸಿದ, ಅವಳ ಗಾದಿಯ ಹತ್ತಿಯನ್ನು ಬಿಚ್ಚಿ ಮತ್ತೆ ಹದಮಾಡಿ ತುಂಬಿದ. ಮಾತು ಮಾತ್ರ ಔಷಧ, ನೀರು ಎನ್ನುವಷ್ಟಕ್ಕೇ ನಿಲ್ಲುತ್ತಿತ್ತು. ಆ ವರ್ಷದ ಕಾರ ಹುಣ್ಣಿಮೆಗೆ ನಾನು ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಅವ್ವ ಮಾದಲಿ ಮಾಡಿದಳು, ಗಂಗವ್ವ ಕೋಲೂರಿಕೊಂಡು ಬಂದಳು. ಅಪ್ಪ ಹೊರಡುವ ಹೊತ್ತಾಯಿತು ಎಂದು ನಾವು ಕಾದೆವು. ಅವನು ಹೊರಡಲಿಲ್ಲ. ಪಡಸಾಲೆಯಲ್ಲಿ ಬಿಲ್ಲಿನ ನರವನ್ನು ಸುಮ್ಮನೆ ತಿರುವುತ್ತಾ ಕೂತಿದ್ದ. ನಾವು ಹಾರೆ ಹಾಕಿದೆವು. ಆಯಿ ಇಲ್ಲದೆ ಚಪ್ಪಡಿ ಅಲುಗಲಿಲ್ಲ, ಗಂಗವ್ವನಿಗೆ ಶಕ್ತಿಯಿಲ್ಲ. ಅಷ್ಟರಲ್ಲಿ ಅಪ್ಪ ಹಿಂಬಾಗಿಲಲ್ಲಿ ಬಂದು ನಿಂತದ್ದು ಕಾಣಿಸಿತು. ಅವ್ವ ತಡೆಯಲಿಲ್ಲ. ಅವನು ನನ್ನ ಕೈಯಿಂದ ಹಾರೆ ತೆಗೆದುಕೊಂಡ. ಮೊಳದಷ್ಟು ಸರಿಸಿದರೆ ಸಾಕು ಎಂದು ಅವ್ವ ಹೇಳಿದಳು. ಅವನು ಚಪ್ಪಡಿಯನ್ನು ಪೂರ್ತಿ ಸರಿಸಿಬಿಟ್ಟ. ಫಾತೆಹಾ ಅವನೇ ಓದಿದ, ನಮ್ಮ ಮನೆಯಲ್ಲಿ ಮೊದಲ ಸಲ ಅದು ಪೂರ್ತಿಯಾಗಿ ಮುಗಿಯಿತು. ಆಮೇಲೆ ಬಾಯಿಯ ಪಕ್ಕ ಕೂತು, ಬಗ್ಗಿ, ಒಳಗಿನ ಮಣ್ಣಿನ ಮೇಲೆ ಅಂಗೈ ಇಟ್ಟ.

ಮಧ್ಯಾಹ್ನದ ಬಾಂಗ್ ಆಯಿತು. ಹುಸೇನವ್ವ ಏಳಲಾರದೆ ಕೂತಿದ್ದ ಹೊತ್ತು ಅಲ್ಲಿಗೆ ಮುಗಿಯಿತು. ಅವ್ವ ಪದ್ಧತಿಯಂತೆ ಚಪ್ಪಡಿಗೆ ಕೈಹಾಕಿದಳು. ಅಪ್ಪ ಕೂತಲ್ಲಿಂದ ಏಳಲಿಲ್ಲ.

"ಇನ್ನೊಂದೀಟು ಹೊತ್ತು ತಗದಿರಲಿ" ಎಂದ.

ಸಂಜೆ ದೀಪ ಹಚ್ಚುವವರೆಗೆ ಅದು ತೆರೆದೇ ಇತ್ತು.